ಲೈನ್ ಮನೆಗಳಲ್ಲಿ ಬೀಡಿ ಬಗ್ಗೆ ಕೇಳೋದು ಕಲಿಸೋಕೆ ಹೋಗಿ ನಾನು ಕಲಿತಿದ್ದು

ತಂಬಾಕು ಸೇದೋದು, ಬಿಡೋದರ ಬಗ್ಗೆ ಸಂಶೋಧನೆ ಮಾಡೋಕೆ ಬರೋ ಹುಡುಗ ಹುಡುಗೀರಿಗೆ ಟ್ರೇನಿಂಗ್ ಕೊಡೋದು ನನ್ನ ಕೆಲಸ. ಚಿಕ್ಕಮಗಳೂರಿನ ಆಲ್ದೂರು, ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೆಗಳೇ, ಅಂದ್ರೆ ತೋಟದ ಕೆಲಸದವರು ಇರೋ ಸಾಲು ಮನೆಗಳೇ, ನಮ್ಮ ಫೀಲ್ಡು.

ಮೊದಲನೇ ಬ್ಯಾಚಲ್ಲಿ ದೊಡ್ಡ ತಪ್ಪು ಮಾಡ್ದೆ. ಒಂದು ತೋಟದ ರೈಟರ್, ಅಂದ್ರೆ ಕೂಲಿ ಲೆಕ್ಕ ಬರೆಯೋರ ಹತ್ರ ಪರ್ಮಿಷನ್ ಕೇಳಿದ್ವಿ, ಅವರು ಸಹಾಯ ಆಗ್ಲಿ ಅಂತ ಬಟವಾಡೆ ದಿನ ಸಾಯಂಕಾಲ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕಳಿಸಿದ್ರು, ನಾವೂ ಖುಷಿಯಾಗಿ ಫಾರಂ ತುಂಬ್ತಾ ಹೋದ್ವಿ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಉತ್ತರ, "ಇಲ್ಲ ಮೇಡಂ, ಸೇದಲ್ಲ." ಹಂಗಂದ ಒಬ್ಬರ ಅಂಗಿ ಜೇಬಿಂದ ಬೀಡಿ ಕಟ್ಟು ಅರ್ಧ ಆಚೆ ಬಂದಿತ್ತು. ವಾಪಸ್ ಬರ್ತಾ ಜೀಪಲ್ಲಿ ಹುಡುಗರು "ಇವರೆಲ್ಲ ಬರೀ ಸುಳ್ಳು ಹೇಳ್ತಾರೆ ಮೇಡಂ" ಅಂದ್ರು. ಕೂಲಿ ಲೆಕ್ಕ ಬರೆಯೋ ಮನುಷ್ಯ ಹತ್ತು ಹೆಜ್ಜೆ ಆಚೆ ಕೂತಿದ್ರೆ ಯಾರು ಹೌದು ಅಂತಾರೆ ಹೇಳಿ, ನಾನು ಮಾತಾಡಲ್ಲ ಅಂತ ಎದ್ದು ಹೋಗೋ ಧೈರ್ಯನಾದ್ರೂ ಯಾರಿಗಿರುತ್ತೆ? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನೈತಿಕ ಮಾರ್ಗಸೂಚಿಯಲ್ಲಿ ಹೀಗೆ ಇನ್ನೊಬ್ಬರ ಹಿಡಿತದಲ್ಲಿರೋ ಜನರ ಬಗ್ಗೆ ಬೇರೆ ಅಧ್ಯಾಯಾನೇ ಇದೆ, ಅದನ್ನ ನಾನೇ ಸ್ಲೈಡಲ್ಲಿ ಓದಿ ಹೇಳಿದ್ದೆ. ಆ ಫಾರಂ ಒಂದೂ ಬಳಸಲಿಲ್ಲ. ಈಗ ರಜೆ ದಿನ ಅವರ ಅಂಗಳಕ್ಕೇ ಹೋಗ್ತೀವಿ, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತೋವಾಗ ಸಾಕ್ಷಿಗೆ ತೋಟದ ಕಡೆಯವರು ಯಾರೂ ಇರಬಾರದು.

ಆಮೇಲೆ ಫಾಗರ್‌ಸ್ಟ್ರಾಮ್ ಪ್ರಶ್ನೆಗಳು. ನಿಕೋಟಿನ್ ಚಟ ಎಷ್ಟು ಆಳವಾಗಿದೆ ಅಂತ ಅಳೆಯೋಕೆ ಆರು ಪ್ರಶ್ನೆ, ಮೊದಲನೇದು ಎದ್ದು ಎಷ್ಟು ನಿಮಿಷಕ್ಕೆ ಮೊದಲ ಸಲ ಸೇದ್ತೀರ ಅಂತ, 5 ನಿಮಿಷದೊಳಗೆ ಅಂದ್ರೆ 3 ಅಂಕ. ನಿಮಿಷ ಲೆಕ್ಕ ಯಾರು ಇಟ್ಟಿರ್ತಾರೆ? ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಾರೆ. ಅದಕ್ಕೆ ಈಗ ಜೊತೆಗೆ ಇನ್ನೊಂದು ಕೇಳೋಕೆ ಹೇಳ್ತೀನಿ, ಮುಖ ತೊಳೆಯೋಕೆ ಮುಂಚೆನಾ, ಕಾಫಿ ಕುಡಿದ ಮೇಲಾ, ಕೆಲಸಕ್ಕೆ ಹೊರಟ ಮೇಲಾ. ಆಗ ಸರಿಯಾಗಿ ನೆನಪಾಗುತ್ತೆ. ಎಷ್ಟು ಬೀಡಿ ಅಂತಲೂ ಕೇಳಬೇಡಿ, ಒಂದು ಕಟ್ಟು ಎಷ್ಟು ದಿನ ಬರುತ್ತೆ ಅಂತ ಕೇಳಿ.

ಸೇದ್ತಾರಾ ಇಲ್ವಾ ಅಂತ ತಿಳಿಯೋಕೆ ಉಸಿರಲ್ಲಿ ಕಾರ್ಬನ್ ಮಾನಾಕ್ಸೈಡ್ (ಹೊಗೆಯಲ್ಲಿರೋ ಅನಿಲ) ನೋಡೋ ಮಷೀನ್ ಇದೆಯಲ್ಲ, ಅದನ್ನ ಕಣ್ಣುಮುಚ್ಚಿ ನಂಬಿದ್ದು ಇನ್ನೊಂದು ಕಥೆ. ಒಬ್ಬ ಅಮ್ಮನಿಗೆ ರೀಡಿಂಗ್ ಜಾಸ್ತಿ ಬಂತು, ನಮ್ಮ ಹುಡುಗಿ ಫಾರಂ ಮೇಲೆ "ಸೇದ್ತಾರೆ, ಮುಚ್ಚಿಡ್ತಿದ್ದಾರೆ" ಅಂತ ಬರೆದಿದ್ಲು. ನಾನು ಹೋಗಿ ನೋಡಿದ್ರೆ ಕಿಟಕಿ ಇಲ್ಲದ ಅಡುಗೆಮನೆ, ಹಸಿ ಸೌದೆ, ಊದುಗೊಳವೆ ಹಿಡ್ಕೊಂಡು ಒಲೆ ಊದ್ತಾ ಕೂತಿದ್ರು, ಕಣ್ಣೆಲ್ಲ ಕೆಂಪು. ಸೌದೆ ಹೊಗೆಯಿಂದಲೂ ಆ ರೀಡಿಂಗ್ ಏರುತ್ತೆ. ಆ ಹುಡುಗಿ ಕೈಲೇ ಗೀಟು ಹೊಡೆಸಿ ಸರಿಯಾಗಿ ಬರೆಸಿದೆ. ಮೂತ್ರದಲ್ಲಿ ಕೋಟಿನಿನ್, ಅಂದ್ರೆ ನಿಕೋಟಿನ್ ಮೈಯಲ್ಲಿ ಕರಗಿ ಆಗೋ ವಸ್ತು, ನೋಡಿದ್ರೆ ಆಯ್ತಲ್ಲ ಅಂತೀರಾ, ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕೋರಿಗೂ ಅದು ಬರುತ್ತೆ, ಹಾಸನದ ಅರಕಲಗೂಡು ಕಡೆ ಹೊಗೆಸೊಪ್ಪಿನ ಹೊಲದಲ್ಲಿ ಹಸಿ ಎಲೆ ಮುರಿಯೋರಿಗೆ ಚರ್ಮದ ಮೂಲಕವೇ ನಿಕೋಟಿನ್ ಮೈಗೆ ಇಳಿಯುತ್ತೆ.

ನನಗೆ ತುಂಬಾ ಕಾಡಿದ್ದು ಮಾತ್ರ ಬಿಡೋ ಪ್ರಶ್ನೆ. ಕಳೆದ 12 ತಿಂಗಳಲ್ಲಿ ಬಿಡೋಕೆ ಪ್ರಯತ್ನ ಮಾಡಿದ್ರಾ ಅಂದ್ರೆ "ಇಲ್ಲ" ಅಂತ ಒಬ್ಬರು ತಲೆ ಅಲ್ಲಾಡಿಸಿದ್ರು. ಗೋಡೆ ಮೇಲೆ ಅಯ್ಯಪ್ಪನ ಫೋಟೋ ಇತ್ತು. "ಅಣ್ಣ, ಮಾಲೆ ಹಾಕಿದ್ರಾ?" ಅಂದೆ. "ಹ್ಞೂಂ, 41 ದಿನ." "ಆಗ ಬೀಡಿ?" "ಮಾಲೆ ಹಾಕ್ಕೊಂಡು ಯಾರಾದ್ರೂ ಮುಟ್ತಾರಾ ಮೇಡಂ?" 41 ದಿನ ಒಂದೂ ಸೇದಿಲ್ಲ, ನಮ್ಮ ಫಾರಂ ಲೆಕ್ಕದಲ್ಲಿ ಅವರು ಪ್ರಯತ್ನಾನೇ ಮಾಡಿಲ್ಲ! ಪ್ಯಾಕೆಟ್ ಮೇಲಿರೋ, ತಂಬಾಕು ಬಿಡೋಕೆ ಸಹಾಯ ಮಾಡೋ 1800-11-2356 ನಂಬರಿಗೆ ಫೋನ್ ಮಾಡಿ ಅಂತ ಹೇಳಿ ಎದ್ದು ಬರೋದು ಸುಲಭ, ಆದ್ರೆ ಆ ಲೈನ್ ಮನೆಗಳ ಹತ್ರ ನೆಟ್‌ವರ್ಕ್ ಸಿಗೋದು ಗುಡ್ಡ ಹತ್ತಿದ್ರೆ ಮಾತ್ರ. ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಕೂತೆ. ಮಾಲೆ ತೆಗೆದ ಮೇಲೆ ಮೊದಲನೇ ಬೀಡಿ ಎಲ್ಲಿ, ಯಾರು ಕೊಟ್ರು ಅಂತ ಕೇಳಿದೆ. ಈಗ ಪ್ರತಿ ಬ್ಯಾಚಿಗೂ ಈ ಪ್ರಶ್ನೆ ಕೇಳೋಕೆ ಕಲಿಸ್ತೀನಿ.

ಅವರು ಸ್ವಲ್ಪ ಯೋಚನೆ ಮಾಡಿ ಅಂದ್ರು, "ತೋಟಕ್ಕೆ ವಾಪಸ್ ಬಂದ ದಿನಾನೇ, ಮಳೆ ಬೇರೆ, ಎಲ್ಲರೂ ಶೆಡ್ಡಲ್ಲಿ ನಿಂತಿದ್ವಿ. ನಾನು ಕೇಳ್ಲಿಲ್ಲ ಮೇಡಂ, ಅವರೇ ಹಚ್ಚಿ ಕೈಗೆ ಕೊಟ್ರು."