ನಾಕ್ಸೋಸ್‌ನಿಂದ ಪಿರೇಯಸ್‌ಗೆ ಫೆರಿ: ಹೋಗುವವರು ತಿಳಿದಿರಬೇಕಾದ್ದು

ಗ್ರೀಸ್ ಪ್ರವಾಸಕ್ಕೆ ಪ್ಲಾನ್ ಮಾಡುತ್ತಿದ್ದೀರಾ? ಹಾಗಿದ್ದರೆ ಮೊದಲು ಒಂದು ಮಾತು. ನಾಕ್ಸೋಸ್‌ನಂಥ ದ್ವೀಪದಿಂದ ಅಥೆನ್ಸ್‌ನ ಬಂದರಾದ ಪಿರೇಯಸ್‌ಗೆ ಬರುವ ಫೆರಿ, ಅಲ್ಲಿಂದ ಊರಿಗೆ ಹೊರಡುವ ವಿಮಾನ, ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ನಡುವೆ ಒಂದು ಪೂರ್ತಿ ದಿನ ಬಿಡಿ. ನಾನು ಹೇಳುವ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡಿ.

ಕಾರಣ ಗಾಳಿ. ಜುಲೈ, ಆಗಸ್ಟ್‌ನಲ್ಲಿ ಈಜಿಯನ್ ಸಮುದ್ರದ ಮೇಲೆ ಉತ್ತರದಿಂದ ಜೋರಾಗಿ ಗಾಳಿ ಬೀಸುತ್ತದೆ. ಅದಕ್ಕೆ ಅಲ್ಲಿಯವರು ಮೆಲ್ತೆಮಿ ಅನ್ನುತ್ತಾರೆ. ನಮ್ಮ ಮಳೆಗಾಲದ ಗಾಳಿಯ ಹಾಗೆ ಇದರ ಜೊತೆ ಮೋಡ, ಮಳೆ ಏನೂ ಬರುವುದಿಲ್ಲ. ಆಕಾಶ ನೀಲಿ, ಬಿಸಿಲು ಚುರುಗುಟ್ಟುತ್ತಿರುತ್ತದೆ. ಹೋಟೆಲ್ ಕಿಟಕಿಯಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಬಂದರಿಗೆ ಹೋದರೆ ಹಡಗೇ ಇಲ್ಲ! ಗಾಳಿ ಒಂದು ಮಿತಿ ದಾಟಿದರೆ ಬಂದರಿನ ಅಧಿಕಾರಿಗಳು ಹಡಗುಗಳನ್ನು ಬಿಡುವುದಿಲ್ಲ. ಗಾಳಿಯನ್ನು ಅವರು ಬೋಫರ್ಟ್ ಅಳತೆಯಲ್ಲಿ ಹೇಳುತ್ತಾರೆ. ಅದರಲ್ಲಿ 8 ಅಂದರೆ ಗಂಟೆಗೆ 62ರಿಂದ 74 ಕಿ.ಮೀ. ವೇಗ. ಆ ಮಟ್ಟಕ್ಕೆ ಬಂದರೆ ದೊಡ್ಡ ಹಡಗುಗಳೂ ನಿಲ್ಲಬಹುದು. ವೇಗದ ಸಣ್ಣ ಹಡಗುಗಳು ಅದಕ್ಕೂ ಮೊದಲೇ ನಿಲ್ಲುತ್ತವೆ.

ಅಮ್ಮನನ್ನೂ ಕರೆದುಕೊಂಡು ನಾವು ಜುಲೈ ಕೊನೆಯಲ್ಲಿ ಹೋಗಿದ್ದೆವು. ವಾಪಸ್ ಬರಬೇಕಾದ ದಿನ ನಮ್ಮ ಹಡಗು ರದ್ದಾಯಿತು. ಮರುದಿನ ಇನ್ನೊಂದರಲ್ಲಿ ಜಾಗ ಸಿಕ್ಕಿತು. ನಮ್ಮ ಹತ್ತಿರ ಒಂದು ದಿನ ಉಳಿದಿತ್ತು, ಹಾಗಾಗಿ ನಾವು ಊಟ ಮಾಡಿ ಮಲಗಿದೆವು. ಟಿಕೆಟ್ ಕೌಂಟರ್ ಮುಂದೆ ಅದೇ ಸಂಜೆ ವಿಮಾನ ಹಿಡಿಯಬೇಕಿದ್ದ ಒಂದು ಕುಟುಂಬ ಇತ್ತು. ಅವರ ಮುಖ ನೋಡಲು ಆಗುತ್ತಿರಲಿಲ್ಲ. ಹಡಗು ರದ್ದಾದರೆ ಫೆರಿ ಟಿಕೆಟ್ ದುಡ್ಡು ವಾಪಸ್ ಸಿಗುತ್ತದೆ, ಇಲ್ಲವೇ ಬೇರೆ ಹಡಗಿನಲ್ಲಿ ಕಳಿಸುತ್ತಾರೆ. ಆದರೆ ಹವಾಮಾನದ ಕಾರಣಕ್ಕೆ ರದ್ದಾದಾಗ ಆ ರಾತ್ರಿಯ ಹೋಟೆಲ್ ಖರ್ಚು ನಮ್ಮದೇ. ತಪ್ಪಿಹೋದ ವಿಮಾನಕ್ಕೆ ಫೆರಿಯವರು ಏನೂ ಕೊಡುವುದಿಲ್ಲ.

ಅಧಿಕಾರಿಗಳ ಮೇಲೆ ಸಿಟ್ಟಾಗುವವರಿಗೆ ಒಂದು ವಿಷಯ ಹೇಳಬೇಕು. 2000ನೇ ಇಸವಿ ಸೆಪ್ಟೆಂಬರ್ 26ರ ರಾತ್ರಿ, ಪಿರೇಯಸ್‌ನಿಂದ ಹೊರಟ ಎಕ್ಸ್‌ಪ್ರೆಸ್ ಸಮೀನಾ ಎಂಬ ಫೆರಿ ಜೋರು ಗಾಳಿಯಲ್ಲಿ ಪಾರೋಸ್ ದ್ವೀಪದ ಹತ್ತಿರ ಬಂಡೆಗೆ ಬಡಿದು ಮುಳುಗಿತು. ಸುಮಾರು 80 ಜನ ಸತ್ತರು. ನಾಕ್ಸೋಸ್‌ನಿಂದ ಬರುವ ಹಡಗುಗಳು ಇವತ್ತಿಗೂ ಅದೇ ಪಾರೋಸ್ ಬಂದರಿಗೆ ಹೋಗುತ್ತವೆ. ಇದು ಗೊತ್ತಿದ್ದರೆ 'ಇವತ್ತು ಹಡಗು ಇಲ್ಲ' ಅಂದಾಗ ಬೇಜಾರಾದರೂ ಸಿಟ್ಟು ಬರುವುದಿಲ್ಲ.

ಗಾಳಿಯ ಜೊತೆಗೆ ಮುಷ್ಕರವೂ ಇದೆ. ಹಡಗು ಕಾರ್ಮಿಕರ ಮುಷ್ಕರ ಸಾಮಾನ್ಯವಾಗಿ ಕೆಲವು ದಿನ ಮೊದಲೇ ಗೊತ್ತಾಗುತ್ತದೆ. ಮೇ 1ರಂದು ಫೆರಿ ಇರುತ್ತದೆ ಅಂತ ಅಂದುಕೊಳ್ಳಲೇಬೇಡಿ.

ಈಗ ಯಾವ ಹಡಗು ಅನ್ನುವ ಪ್ರಶ್ನೆ. ನಾಕ್ಸೋಸ್‌ನಿಂದ ಪಿರೇಯಸ್‌ಗೆ ಸಮುದ್ರದಲ್ಲಿ ಸುಮಾರು 190 ಕಿ.ಮೀ. ಬ್ಲೂ ಸ್ಟಾರ್ ಕಂಪನಿಯದರಂಥ ದೊಡ್ಡ ಹಡಗು ಐದು ಗಂಟೆಗಿಂತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ. ಕ್ಯಾಟಮರಾನ್ ಅನ್ನುವ ಜೋಡಿ ತಳದ ವೇಗದ ಹಡಗುಗಳು ಒಂದೂವರೆ ಗಂಟೆ ಉಳಿಸುತ್ತವೆ, ದುಡ್ಡು ಮಾತ್ರ ಜಾಸ್ತಿ. ನನ್ನನ್ನು ಕೇಳಿದರೆ ದೊಡ್ಡದನ್ನೇ ಹಿಡಿಯಿರಿ. ಅದು ಗಾಳಿಗೆ ಅಷ್ಟು ಅಲುಗಾಡುವುದಿಲ್ಲ. ಡೆಕ್ ಮೇಲೆ ನಿಂತು ದ್ವೀಪಗಳನ್ನು ನೋಡಬಹುದು, ಕಾಲು ಚಾಚಿ ಓಡಾಡಬಹುದು. ವೇಗದ ಹಡಗುಗಳಲ್ಲಿ ಹೆಚ್ಚು ಹೊತ್ತು ಒಳಗೇ ಕೂರಬೇಕು. ಅಲೆ ಎದ್ದಾಗ ಅದು ಕುಣಿಯುತ್ತದೆ, ಸುತ್ತಮುತ್ತ ಎಲ್ಲರೂ ವಾಂತಿ ಕವರ್ ಹಿಡಿದು ಕೂತಿರುತ್ತಾರೆ. ನಿಮಗೆ ಘಾಟಿಯಲ್ಲಿ ತಲೆ ಸುತ್ತುವ ಅಭ್ಯಾಸ ಇದ್ದರೆ ಊರಿನ ಡಾಕ್ಟರ್ ಹತ್ತಿರ ಕೇಳಿ ಮಾತ್ರೆ ತಂದಿರಿ. ಹಡಗು ಅಲುಗಾಡಲು ಶುರುವಾದ ಮೇಲೆ ತಗೊಂಡರೆ ಸುಮ್ನೆ ದಂಡ, ಹತ್ತುವ ಮೊದಲೇ ತಗೊಳ್ಳಬೇಕು.

ಟಿಕೆಟ್ ಮೊಬೈಲ್‌ನಲ್ಲೇ ಸಿಗುತ್ತದೆ. ಫೆರಿಹಾಪರ್ ಆ್ಯಪ್‌ನಲ್ಲಿ ಎಲ್ಲ ಕಂಪನಿಗಳ ವೇಳೆ ಒಟ್ಟಿಗೆ ಕಾಣುತ್ತದೆ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಕೊಡಿ. ನಮ್ಮಲ್ಲಿ ಇನಿಷಿಯಲ್ ತೊಂದರೆ ಇದ್ದೇ ಇದೆ ಅಲ್ವಾ, ಅದನ್ನು ಒಮ್ಮೆ ನೋಡಿಕೊಳ್ಳಿ. ದೇಶದ ಒಳಗಿನ ಪ್ರಯಾಣವಾದ್ದರಿಂದ ವೀಸಾ ತಪಾಸಣೆಯ ಸಾಲು ಇಲ್ಲ, ಆದರೆ ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗಿರಲಿ.

ಅತಿ ಕಡಿಮೆ ದರದ ಟಿಕೆಟ್‌ನಲ್ಲಿ ಸೀಟ್ ನಂಬರ್ ಇರುವುದಿಲ್ಲ. ಸಿಕ್ಕಲ್ಲಿ ಕೂರಬೇಕು. ಮಧ್ಯಾಹ್ನದ ಹಡಗು ಹೆಚ್ಚಾಗಿ ಸ್ಯಾಂಟೊರಿನಿ ದ್ವೀಪದಿಂದ ಬರುತ್ತದೆ, ಹಾಗಾಗಿ ನಾಕ್ಸೋಸ್ ತಲುಪುವ ಹೊತ್ತಿಗೆ ಒಳ್ಳೆಯ ಜಾಗಗಳೆಲ್ಲ ತುಂಬಿರುತ್ತವೆ. ಪಾರೋಸ್‌ನಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಕೆಲವು ಯೂರೋ ಜಾಸ್ತಿ ಕೊಟ್ಟು ನಂಬರ್ ಇರುವ ಸೀಟ್ ತಗೊಳ್ಳಿ. ಅಮ್ಮನಿಗೆ ಅದನ್ನೇ ತಗೊಂಡಿದ್ದೆವು. ಆ ದುಡ್ಡು ಪೂರ್ತಿ ಸಾರ್ಥಕ.

ಹತ್ತುವ ಗಡಿಬಿಡಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೊದಲ ಸಲ ನೋಡಿದವರಿಗೆ ಗಾಬರಿಯಾಗುತ್ತದೆ. ನಾಕ್ಸೋಸ್ ಬಂದರು ಪೋರ್ತಾರಾದ ಪಕ್ಕದಲ್ಲೇ ಇದೆ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಕಟ್ಟಲು ಶುರುಮಾಡಿ ಅರ್ಧಕ್ಕೇ ನಿಂತ ದೇವಾಲಯದ ಅಮೃತಶಿಲೆಯ ಬಾಗಿಲು ಅದು. ಹಡಗು ತಡವಾದರೆ ಅಲ್ಲಿಯವರೆಗೆ ನಡೆದು ಬರಬಹುದು. ಎಷ್ಟು ತಡ ಅಂತ ತಿಳಿಯಲು ಮರೀನ್‌ಟ್ರಾಫಿಕ್ ಆ್ಯಪ್‌ನಲ್ಲಿ ಹಡಗಿನ ಹೆಸರು ಹಾಕಿ, ಎಲ್ಲಿದೆ ಅಂತ ನಕ್ಷೆಯಲ್ಲೇ ಕಾಣುತ್ತದೆ. ಆದರೆ ಹಡಗು ಬಂತೆಂದರೆ ನಿಲ್ಲುವುದು ಕೆಲವೇ ನಿಮಿಷ. ಹಿಂಭಾಗದ ದೊಡ್ಡ ಬಾಗಿಲು ಇಳಿಯುತ್ತದೆ. ಅಲ್ಲಿಂದಲೇ ಕಾರು, ಲಾರಿ, ಜನ ಎಲ್ಲ ಹೊರಗೆ ಬರುತ್ತಾರೆ, ತಕ್ಷಣ ನಾವು ಒಳಗೆ ಹೋಗಬೇಕು. ಮೆಜೆಸ್ಟಿಕ್‌ನಲ್ಲಿ ಹಬ್ಬದ ಹಿಂದಿನ ದಿನ ಬಸ್ ಹತ್ತಿದವರಿಗೆ ಇದೇನೂ ಹೊಸದಲ್ಲ. ಒಂದೇ ಹೊತ್ತಿಗೆ ಎರಡು ಹಡಗು ಬರುವುದೂ ಉಂಟು. ಜನ ಓಡಿದರು ಅಂತ ನೀವೂ ಓಡಬೇಡಿ, ಹಡಗಿನ ಮೇಲೆ ಬರೆದ ಹೆಸರು ಓದಿ.

ಒಳಗೆ ಹೋದ ಕೂಡಲೇ ಲಗೇಜ್ ಇಡುವ ಕಪಾಟುಗಳಿವೆ. ಮೇಲೆ ಊರಿನ ಹೆಸರು ಬರೆದಿರುತ್ತದೆ. ನಿಮ್ಮದನ್ನು ಪಿರೇಯಸ್ ಅಂತ ಇರುವಲ್ಲಿ ಇಡಿ. ಪಾಸ್‌ಪೋರ್ಟ್, ದುಡ್ಡು, ಮಾತ್ರೆ, ಒಂದು ಶಾಲು, ಇಷ್ಟು ಕೈಚೀಲದಲ್ಲಿ ನಿಮ್ಮ ಜೊತೆಗೇ ಇರಲಿ. ಮೇಲೆ ಎಸಿ ಜೋರಾಗಿರುತ್ತದೆ, ಡೆಕ್‌ನಲ್ಲಿ ಗಾಳಿ. ಮೇಲಕ್ಕೆ ಹೋಗಲು ದೊಡ್ಡ ಹಡಗುಗಳಲ್ಲಿ ಎಸ್ಕಲೇಟರ್ ಇದೆ. ಮಂಡಿನೋವು ಇರುವವರಿದ್ದರೆ ಸಿಬ್ಬಂದಿಯನ್ನು ಲಿಫ್ಟ್ ಎಲ್ಲಿ ಅಂತ ಕೇಳಿ, ಸಂಕೋಚ ಬೇಡ. ನಮಗೆ ಕೇಳಿದ ಕೂಡಲೇ ತೋರಿಸಿದರು.

ಡೆಕ್‌ನಲ್ಲಿ ಕೂರುವುದಾದರೆ ಹಡಗಿನ ಎಡಭಾಗ ಹಿಡಿಯಿರಿ. ಹಡಗು ವಾಯುವ್ಯಕ್ಕೆ ಹೋಗುತ್ತದೆ, ಗಾಳಿ ಉತ್ತರದಿಂದ, ಹಾಗಾಗಿ ಬಲಭಾಗದಲ್ಲಿ ನಿಲ್ಲುವುದೇ ಕಷ್ಟ. ಎಡಗಡೆ ಸಂಜೆ ಬಿಸಿಲು ಬೀಳುತ್ತದೆ, ಟೋಪಿ ಇರಲಿ. ಹೋಗುವಾಗ ಪಿರೇಯಸ್‌ನಿಂದ ಬೆಳಗಿನ ಹಡಗು ಹಿಡಿದರೆ ಆಗಲೂ ಎಡಕ್ಕೇ ಕೂತುಕೊಳ್ಳಿ. ಹವಾ ತಿಳಿಯಾಗಿದ್ದರೆ ಸೂನಿಯನ್ ತುದಿಯ ಗುಡ್ಡದ ಮೇಲೆ ಪೊಸೈಡನ್ ದೇವಾಲಯದ ಬಿಳಿ ಕಂಬಗಳು ದೂರದಿಂದ ಕಾಣುತ್ತವೆ. ಸಮುದ್ರದ ದೇವರಿಗೆ ನಾವಿಕರು ಕೈಮುಗಿಯುತ್ತಿದ್ದ ಜಾಗ. ಅಮ್ಮ ಅಲ್ಲಿಂದಲೇ ಕೈಮುಗಿದರು.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಪಾಲಕ್ ತುಂಬಿದ ಸ್ಪಾನಕೋಪಿತ, ಚೀಸ್ ತುಂಬಿದ ತಿರೋಪಿತ, ಎಳ್ಳು ಹಚ್ಚಿದ ಕುಲೂರಿ ಬ್ರೆಡ್ ಬೇಕರಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ನಾಕ್ಸೋಸ್‌ನಲ್ಲೇ ಕಟ್ಟಿಸಿಕೊಂಡು ಹತ್ತಿ, ಹಡಗಿನಲ್ಲಿ ಬೆಲೆ ಜಾಸ್ತಿ. ಹಾಲು, ಮೊಟ್ಟೆ ಬೇಡದವರು 'ನಿಸ್ತೀಸಿಮೋ' ಇದೆಯಾ ಅಂತ ಕೇಳಿ. ಅವರ ಉಪವಾಸದ ಊಟ ಅದು. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಆದರೆ ಸೀಗಡಿ, ಸ್ಕ್ವಿಡ್‌ನಂಥದ್ದು ಇರಬಹುದು, ಅದನ್ನು ಬೇಡ ಅಂತ ಹೇಳಬೇಕು.

ಪಿರೇಯಸ್ ತುಂಬ ದೊಡ್ಡ ಬಂದರು. ಗೇಟ್‌ಗಳಿಗೆ ಇ1, ಇ2 ಅಂತ ನಂಬರ್ ಇದೆ. ನಾಕ್ಸೋಸ್ ಕಡೆಯ ದೊಡ್ಡ ಹಡಗುಗಳು ಹೆಚ್ಚಾಗಿ ಮೆಟ್ರೋ ನಿಲ್ದಾಣದ ಹತ್ತಿರದ ಗೇಟ್‌ಗಳಿಗೇ ಬರುತ್ತವೆ. ಆದರೂ ಹೋಗುವಾಗ ಹಿಂದಿನ ದಿನ ಗೇಟ್ ನಂಬರ್ ನೋಡಿಕೊಳ್ಳಿ. ದೂರದ ಇ1, ಇ2 ಗೇಟ್‌ಗಳಿಗೆ ಬಂದರಿನ ಒಳಗೇ ಉಚಿತ ಬಸ್ ಓಡಾಡುತ್ತದೆ.

2022ರ ಅಕ್ಟೋಬರ್‌ನಿಂದ ನೀಲಿ ಮಾರ್ಗದ ಮೆಟ್ರೋ ಪಿರೇಯಸ್‌ವರೆಗೆ ಬಂದಿದೆ. ವಿಮಾನ ನಿಲ್ದಾಣಕ್ಕೆ ಬದಲಾಯಿಸದೆ ಹೋಗಬಹುದು, ಸುಮಾರು ಒಂದು ಗಂಟೆ. ಆದರೆ ಎಲ್ಲ ರೈಲುಗಳೂ ಅಲ್ಲಿಯವರೆಗೆ ಹೋಗುವುದಿಲ್ಲ, ಫಲಕ ನೋಡಿ ಹತ್ತಿ. ಹಸಿರು ಮಾರ್ಗದಲ್ಲಿ ಜೇಬುಗಳ್ಳರ ಕಾಟ ಇದೆ, ಚೀಲ ಮುಂದಕ್ಕೆ ಹಾಕಿಕೊಳ್ಳಿ. ಸಂಜೆಯ ಹಡಗು ಪಿರೇಯಸ್ ಮುಟ್ಟುವಾಗ ರಾತ್ರಿ ಹತ್ತೂವರೆ, ಹನ್ನೊಂದು ಆಗಿರುತ್ತದೆ. ಆ ಹೊತ್ತಿಗೆ ವಿಮಾನ ನಿಲ್ದಾಣದ ಮೆಟ್ರೋ ನಿಂತಿರಬಹುದು. ಆಗ ಎಕ್ಸ್96 ಬಸ್ ಇದೆ, ವಿಮಾನ ನಿಲ್ದಾಣಕ್ಕೆ ಇಡೀ ರಾತ್ರಿ ಓಡುತ್ತದೆ.

ವಯಸ್ಸಾದವರು ಜೊತೆಗಿದ್ದರೆ ಆ ರಾತ್ರಿ ಪಿರೇಯಸ್‌ನಲ್ಲೇ ರೂಮ್ ಮಾಡಿ. ಗಾಳಿ ಕೈಕೊಡದೆ ಆ ಒಂದು ದಿನ ಉಳಿದರೆ ಅಲ್ಲಿನ ಪುರಾತತ್ವ ಮ್ಯೂಸಿಯಂಗೆ ಹೋಗಿ. 1959ರಲ್ಲಿ ಪಿರೇಯಸ್‌ನ ರಸ್ತೆ ಅಗೆಯುವಾಗ ಸಿಕ್ಕ ಕಂಚಿನ ಅಪೋಲೋ, ಅಥೀನಾ ಮೂರ್ತಿಗಳು ಅಲ್ಲಿವೆ. ಅಕ್ರೊಪೊಲಿಸ್‌ನಲ್ಲಿರುವ ನೂಕುನುಗ್ಗಲು ಇಲ್ಲಿಲ್ಲ, ಕೂತು ನಿಧಾನವಾಗಿ ನೋಡಬಹುದು.