ಕರ್ನಾಟಕ ಬಿಟ್ಟು ಯಾಕೆ ಹೋದಿರಿ ಅಂತ ಕೇಳುವವರಿಗೆ

ಮೂರು ವರ್ಷದಿಂದ ಇದೇ ಪ್ರಶ್ನೆ. ಮದುವೆಯಲ್ಲಿ, ಜಾವಳದಲ್ಲಿ, ದವಾಖಾನೆಯ ಬೆಂಚಿನ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ. "ಬೀದರ್ ಬಿಟ್ಟು ಹೈದರಾಬಾದಿಗೆ ಯಾಕೆ ಹೋದಿರಿ? ಹೋಗೋದೇ ಇದ್ದರೆ ಬೆಂಗಳೂರಿಗೆ ಹೋಗಬಹುದಿತ್ತಲ್ಲ, ನಮ್ಮದೇ ರಾಜ್ಯ!" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಸಣ್ಣ ಉತ್ತರ ಮೊದಲು. ನಮ್ಮ ಯಜಮಾನರು ಬೀದರ್‌ನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಔಷಧಿ ತಯಾರಿಸುವ ಕಡೆ ಕೆಲಸಕ್ಕಿದ್ದರು. ಆ ಕೆಲಸ ಹೋಯಿತು. ಅದೇ ಥರದ ಕೆಲಸ ಬೆಂಗಳೂರಿನಲ್ಲೂ ಸಿಗುತ್ತಿತ್ತು, ಪುಣೆಯಲ್ಲೂ ಸಿಗುತ್ತಿತ್ತು, ಹೈದರಾಬಾದಿನ ಈಚೆಗಿರುವ ಪಟಾನ್‌ಚೆರುವಿನಲ್ಲೂ ಸಿಗುತ್ತಿತ್ತು. ಬೀದರ್‌ನಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಬಿಪಿ ಇದೆ, ಶುಗರ್ ಇದೆ, ಮಂಡಿ ನೋವಿದೆ. ಬೀದರ್‌ನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಪಟಾನ್‌ಚೆರು ನೂರು ದಾಟಿ ಸ್ವಲ್ಪ. ಬೆಳಿಗ್ಗೆ ಚಹಾ ಕುಡಿದು ಜಹೀರಾಬಾದ್ ರಸ್ತೆ ಹಿಡಿದರೆ ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ ಮನೆಯಲ್ಲಿರುತ್ತೇನೆ. ಬೆಂಗಳೂರಿನಿಂದ ಆದರೆ ಒಂದು ಇಡೀ ರಾತ್ರಿ ಬಸ್ಸಿನಲ್ಲೇ ಹೋಗುತ್ತದೆ. ಇಷ್ಟೇ ಲೆಕ್ಕ. ಇದರ ಹಿಂದೆ ಬೇರೆ ಏನೂ ಇಲ್ಲ.

ಆದರೆ ಈ ಉತ್ತರ ಯಾರಿಗೂ ಸಾಕಾಗುವುದಿಲ್ಲ. "ಅದು ಖರೆ, ಆದ್ರೂ ಹೊರಗ ಹೋದಂಗ ಆಯ್ತಲ್ಲ" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಈ "ಹೊರಗ" ಅನ್ನುವ ಮಾತಿಗೆ.

ಯಾವುದು ಹೊರಗೆ? ಜಹೀರಾಬಾದ್, ನಾರಾಯಣಖೇಡ್ 1956ರ ತನಕ ಬೀದರ್ ಜಿಲ್ಲೆಯಲ್ಲೇ ಇದ್ದವು. ಆ ಕಡೆ ಉದಗೀರ, ನಿಲಂಗಾ ಕೂಡ ನಮ್ಮ ಜಿಲ್ಲೆಯವೇ. ಕಲಬುರಗಿಯವರಿಗೆ ತಾಂಡೂರು, ಕೊಡಂಗಲ್ ಹಾಗೇ ಇದ್ದವು. ಆ ವರ್ಷ ನವೆಂಬರ್ 1ಕ್ಕೆ ಗೆರೆ ಎಳೆದರು. ಬೀದರ್ ಮೈಸೂರು ರಾಜ್ಯಕ್ಕೆ ಬಂತು, ಜಹೀರಾಬಾದ್ ಆಂಧ್ರಕ್ಕೆ ಹೋಯಿತು, ಉದಗೀರ ಆಗಿನ ಮುಂಬೈ ರಾಜ್ಯಕ್ಕೆ ಹೋಯಿತು. ಜನ ಎಲ್ಲೂ ಹೋಗಲಿಲ್ಲ, ಮನೆಗಳೂ ಹೋಗಲಿಲ್ಲ. ನಮ್ಮ ಅಜ್ಜ ಓದಿದ್ದು ಉರ್ದು ಶಾಲೆಯಲ್ಲಿ. ಹೊಲದ ಕೋರ್ಟ್ ಕೆಲಸಕ್ಕೆ, ದೊಡ್ಡ ದವಾಖಾನೆಗೆ, ಮದುವೆ ಬಟ್ಟೆಗೆ ಅವರು ಹೋಗುತ್ತಿದ್ದದ್ದು ಹೈದರಾಬಾದಿಗೇ. ಬೆಂಗಳೂರನ್ನು ಅವರು ಸಾಯುವ ತನಕ ಒಮ್ಮೆಯೂ ನೋಡಲಿಲ್ಲ. ಅವರಿಗೆ ಯಾರೂ "ಹೊರಗ ಹೋಗ್ತೀರೇನ್ರಿ" ಅಂತ ಕೇಳಿರಲಿಕ್ಕಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ಒಂದು ದೊಡ್ಡ ಕಟ್ಟಡ ಏಳುತ್ತಿದೆ. ಅಲ್ಲಿ ಇಟ್ಟಿಗೆ ಹೊರುವ ಒಬ್ಬ ಹೆಣ್ಣುಮಗಳು ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದು ಕೇಳಿ ನಿಂತಳು. "ಯಾವೂರವ್ರೀ ಅಕ್ಕೋರ?" ಅಂದಳು. ಅವಳದು ಯಾದಗಿರಿ ಜಿಲ್ಲೆ, ಶಹಾಪುರದ ಕಡೆ. ಮಳೆ ಕೈ ಕೊಟ್ಟ ವರ್ಷ ಗಂಡ ಹೆಂಡತಿ ಮಕ್ಕಳು ಎಲ್ಲರೂ ಗುಳೆ ಬರುತ್ತಾರೆ. ಒಂದು ವರ್ಷ ಮುಂಬೈ, ಒಂದು ವರ್ಷ ಬೆಂಗಳೂರು, ಈಗ ಇಲ್ಲಿ. ಯಾವ ರಾಜ್ಯಕ್ಕೆ ಹೋಗುತ್ತೀರಿ, ಯಾಕೆ ಹೋಗುತ್ತೀರಿ ಅಂತ ಅವಳನ್ನು ಯಾವ ಮದುವೆಯಲ್ಲೂ ಯಾರೂ ಹಿಡಿದು ಕೂಡಿಸಿ ಕೇಳಿಲ್ಲ. ನಮ್ಮಂಥ ಸಂಬಳದವರನ್ನು ಮಾತ್ರ ಕೇಳುತ್ತಾರೆ. ಕೇಳಬೇಕಾದದ್ದು ಅವಳನ್ನು ಅಲ್ವಾ?

ಈಗ ಎಳ್ಳಮಾವಾಸ್ಯೆಯ ದಿನದ ಮಾತು ಹೇಳುತ್ತೇನೆ. ಅದನ್ನು ಹೇಳದೆ ಈ ಬರಹ ಮುಗಿಯುವುದಿಲ್ಲ.

ಭಾಲ್ಕಿ ತಾಲೂಕಿನಲ್ಲಿ ನಮ್ಮದು ಒಂದಿಷ್ಟು ಹೊಲ. ಕರಿ ನೆಲ. ಎಲ್ಲೇ ಇದ್ದರೂ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಬರಲೇಬೇಕು. ಅವತ್ತು ಜೋಳದ ದಂಟಿನ ಕೊಂಪೆ ಕಟ್ಟಿ, ಪೂಜೆ ಮಾಡಿ, ಚರಗ ಚೆಲ್ಲಿ (ಹೊಲದ ತುಂಬ ಎಡೆ ಎರಚಿ) ಬಂದು ಸಾಲಾಗಿ ಊಟಕ್ಕೆ ಕೂತಿದ್ದೆವು. ತಾಟಿನಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ. ಗಡಿಗೆಯಲ್ಲಿ ಅಂಬಲಿ. ಭಜ್ಜಿ ಗೊತ್ತಿಲ್ಲದವರು ಎಣ್ಣೆಯಲ್ಲಿ ಕರಿದ ಬಜ್ಜಿ ಅಂದುಕೊಳ್ಳಬೇಡಿ. ಇದು ಆ ಹೊತ್ತಿಗೆ ಸಿಗುವ ಹಸಿ ಕಾಳು, ತರಕಾರಿ, ಸೊಪ್ಪು ಎಲ್ಲ ಸೇರಿಸಿ ಕುದಿಸಿದ್ದು. ಬೀದರ್ ಜನಕ್ಕೆ ವರ್ಷಕ್ಕೊಮ್ಮೆ ಅದು ಬೇಕೇ ಬೇಕು.

ಕಾಕಾ ನನ್ನ ಎದುರಿಗೆ ಕೂತಿದ್ದರು. ಕನ್ನಡ ಸಾಲಿ ಮಾಸ್ತರರಾಗಿ ರಿಟೈರ್ ಆದವರು. ರೊಟ್ಟಿ ಮುರಿಯುತ್ತಾ ಎಲ್ಲರಿಗೂ ಕೇಳುವ ಹಾಗೆ ಅಂದರು: "ಏನವಾ, ನೀವು ಹೊರಗಿನೋರು ಆಗಿಬಿಟ್ರಿ ಈಗ. ಬೆಂಗಳೂರಿಗಾದ್ರೂ ಹೋಗಿದ್ರ ಒಂದು ಮಾತು."

ಅವತ್ತಿಗೆ ಅದು ಎಷ್ಟನೇ ಸಲವೋ. ನನಗೆ ತಡೆಯಲಿಕ್ಕಾಗಲಿಲ್ಲ. "ಕಾಕಾ, ನಿಮ್ಮ ಮಗ ಬೆಂಗಳೂರಾಗೇ ಅದಾನಲ್ರೀ. ವರ್ಷಕ್ಕ ಎಷ್ಟು ಸಲ ಬರ್ತಾನ?" ಅಂದುಬಿಟ್ಟೆ.

ಯಾರೂ ಮಾತಾಡಲಿಲ್ಲ. ಅವ್ವ ನನ್ನ ತೊಡೆ ಚಿವುಟಿದಳು. ಕಾಕಾನ ಮಗನಿಗೆ ರಜೆ ಸಿಗುವುದಿಲ್ಲ ಅಂತ ನನಗೂ ಗೊತ್ತು, ಅವನು ಆ ದಿನ ವಿಡಿಯೋ ಕಾಲ್‌ನಲ್ಲಿ ಹೊಲ ನೋಡಿ ಸುಮ್ಮನಾದದ್ದೂ ಗೊತ್ತು. ಹಾಗೆ ಅನ್ನಬಾರದಿತ್ತು. ಕಾಕಾ ಏನೂ ಅನ್ನದೆ ನನ್ನ ಲೋಟಕ್ಕೆ ಇನ್ನಷ್ಟು ಅಂಬಲಿ ಹಾಕಿದರು.

ಊಟ ಆದಮೇಲೆ ಕಾಕಾ ನನ್ನ ಮಗಳನ್ನು ಕರೆದರು. ಒಂದು ಕಡ್ಡಿ ಕೊಟ್ಟು, "ಬೀದರ ಅಂತ ಬರಿ ನೋಡೋಣ" ಅಂದರು. ಅವಳು ಮಣ್ಣಿನಲ್ಲಿ ಬರೆದಳು. ತಪ್ಪೇನೂ ಇರಲಿಲ್ಲ. ಬ ಸರಿ, ದೀರ್ಘ ಸರಿ. ಆದರೆ ದ ಮೇಲೂ ರ ಮೇಲೂ ಕನ್ನಡದ ತಲಕಟ್ಟಿನ ಬದಲು ಸರಿ ಗುರುತಿನ ಹಾಗೆ ಮೇಲೆದ್ದ ಗೀಟು. ತೆಲುಗಿನ ತಲಕಟ್ಟು ಅದು. ನಾನು ಮನೆಯಲ್ಲಿ ಅವಳ ಪಕ್ಕದಲ್ಲೇ ಕೂತು ಬರೆಸುತ್ತೇನೆ, ನನ್ನ ಕಣ್ಣಿಗೆ ಅದು ಅಲ್ಲಿಯತನಕ ಬಿದ್ದಿರಲೇ ಇಲ್ಲ. ಕಾಕಾ ಬಗ್ಗಿ ಹೆಬ್ಬೆರಳಿನಿಂದ ಆ ಎರಡು ಗೀಟು ಅಳಿಸಿ, ಅಡ್ಡಕ್ಕೆ ಎಳೆದು ಕೊನೆಗೆ ಸಣ್ಣ ಕೊಕ್ಕೆ ಕೊಟ್ಟರು. ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಕಾಕಾ ಕೇಳಬೇಕಿದ್ದದ್ದು ಅದನ್ನೇ ಅಂತ ನನಗೆ ಆಗ ಹೊಳೆಯಿತು. ಯಾಕೆ ಹೋದಿರಿ ಅನ್ನುವುದಕ್ಕೆ ನನ್ನ ಹತ್ತಿರ ಕಿಲೋಮೀಟರಿನ ಉತ್ತರ ಇದೆ. ಹುಡುಗಿಯ ಕನ್ನಡ ಏನಾಗುತ್ತದೆ, ಅದಕ್ಕೆ ಏನು ಮಾಡುತ್ತಿದ್ದೀರಿ ಅಂತ ಒಬ್ಬರೂ ಕೇಳಲಿಲ್ಲ. ನಾನು ರಾತ್ರಿ ನಿದ್ದೆಗೆಟ್ಟು ಯೋಚಿಸುವುದು ಅದನ್ನೇ.

ತೆಲಂಗಾಣದಲ್ಲಿ 2018ರ ಕಾನೂನಿನ ಪ್ರಕಾರ ಶಾಲೆಗಳಲ್ಲಿ ತೆಲುಗು ಕಲಿಸಲೇಬೇಕು, ಸಿಬಿಎಸ್‌ಇ ಶಾಲೆಗಳಲ್ಲೂ. ನನಗೆ ಅದರ ಮೇಲೆ ಸಿಟ್ಟಿಲ್ಲ. ಅವರ ನೆಲ, ಅವರ ಭಾಷೆ. ಕರ್ನಾಟಕದಲ್ಲೂ ಕನ್ನಡಕ್ಕೆ ಅಂಥದೇ ಕಾನೂನು ಇದೆ. ಮಗಳು ತೆಲುಗು ಚೆನ್ನಾಗಿ ಕಲಿಯಲಿ. ಆದರೆ ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಮುಗಿಸಿ ಸಂಜೆ ಮನೆಗೆ ಬಂದ ಮಗುವಿಗೆ ನಾಲ್ಕನೇ ಭಾಷೆಯ ಪುಸ್ತಕ ಮುಂದಿಟ್ಟರೆ ಅದರ ಮುಖ ನೋಡಲಿಕ್ಕಾಗುವುದಿಲ್ಲ. ಮಾತಿಗೆ ತೊಂದರೆ ಇಲ್ಲ, ಮನೆಯಲ್ಲಿ ನಾವು ನಮ್ಮ ಬೀದರ್ ಕನ್ನಡವನ್ನೇ ಆಡುತ್ತೇವೆ. ಹೋಗುವುದು ಅಕ್ಷರ. ಲಿಪಿ ಹತ್ತಿರದ್ದು, ಹಾಗಾಗಿ ಓದಲು ಬೇಗ ಬರುತ್ತದೆ. ಆದರೆ ಹತ್ತಿರ ಇರುವುದರಿಂದಲೇ ಒಂದರೊಳಗೊಂದು ಕಲೆತು ಹೋಗುವುದೂ ಬೇಗ.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಕನ್ನಡದವರಿಗೆಲ್ಲ ಒಂದೇ ರಾಜ್ಯ ಅಂತ ಇಲ್ಲದ ಕಾಲದಲ್ಲಿ ಬೀದರ್‌ನಲ್ಲಿ ಕನ್ನಡ ಅಕ್ಷರ ಉಳಿದದ್ದು ಹಾಗೆ ಒಳಗೆ ಕೂತು ಕಲಿಸಿದವರಿಂದ. ಹಾಗಿದ್ದ ಮೇಲೆ ಪಟಾನ್‌ಚೆರುವಿನ ಎರಡು ರೂಮಿನ ಮನೆಯಲ್ಲಿ ನನ್ನಿಂದ ಯಾಕಾಗಬಾರದು ಅಂತ ದಿನಾ ಅಂದುಕೊಳ್ಳುತ್ತೇನೆ.

ಇನ್ನು ನಿಜವಾಗಿ ಬೇರೆ ರಾಜ್ಯಕ್ಕೆ ಹೋಗಬೇಕೋ ಬೇಡವೋ ಅಂತ ಯೋಚಿಸುತ್ತಿರುವವರು ಇದ್ದಾರಲ್ಲ, ಅವರಿಗೆ ನಾಲ್ಕು ಮಾತು. ನಮಗೆ ಇದನ್ನು ಯಾರೂ ಮೊದಲು ಹೇಳಲಿಲ್ಲ.

ಬಾಡಿಗೆ, ಸಂಬಳ ಆಮೇಲೆ ನೋಡಿ. ಮೊದಲು ಮಗು ಯಾವ ತರಗತಿಯಲ್ಲಿದೆ ನೋಡಿ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯ ನಿಯಮ ಏನೆಂದರೆ ಒಂದರಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ತೆಲಂಗಾಣದಲ್ಲಿ ಸ್ಥಳೀಯರು ಅನ್ನಿಸಿಕೊಳ್ಳಲು ಒಂಬತ್ತರಿಂದ ಹನ್ನೆರಡರ ತನಕ ಸತತ ನಾಲ್ಕು ವರ್ಷ ಅಲ್ಲಿ ಓದಿರಬೇಕು. ಎರಡೂ ದೋಣಿಯಲ್ಲಿ ಕಾಲಿಡಲಿಕ್ಕೆ ಬರುವುದಿಲ್ಲ. ನನ್ನ ಮಗಳು ಒಂದು, ಎರಡು ಬೀದರ್‌ನಲ್ಲಿ ಓದಿದ್ದಾಳೆ. ಎಂಟಕ್ಕೆ ವಾಪಸ್ ಬಂದರೆ ಮುಂದಿನ ಐದು ಸೇರಿ ಸರಿಯಾಗಿ ಏಳು. ಒಂದು ವರ್ಷ ತಡವಾದರೆ ಆರೇ. ಅವಳಿಗೆ ದನ ಕರು ಅಂದರೆ ಪ್ರಾಣ, ಬೀದರ್‌ನಲ್ಲೇ ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಈಗ ಐದನೇ ತರಗತಿ. ಅವಳು ಏಳು ಮುಗಿಸುವಷ್ಟರಲ್ಲಿ ನಾವು ತೀರ್ಮಾನ ಮಾಡಬೇಕು. ನಿಯಮ ಬದಲಾಗುತ್ತಿರುತ್ತದೆ, ಬೇರೆ ವಿನಾಯಿತಿಗಳೂ ಇವೆ, ಆಯಾ ವರ್ಷದ ಮಾಹಿತಿ ಪುಸ್ತಕ ಓದಿಯೇ ಮುಂದುವರಿಯಿರಿ.

ಕಲ್ಯಾಣ ಕರ್ನಾಟಕದವರಾದರೆ 371(ಜೆ) ಸರ್ಟಿಫಿಕೇಟ್ ಊರು ಬಿಡುವ ಮೊದಲೇ ಮಾಡಿಸಿಕೊಳ್ಳಿ. 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಕೊಟ್ಟ ಮೀಸಲಾತಿಗೆ ಅದು ಬೇಕು. ಎಸಿ ಆಫೀಸಿನಲ್ಲಿ ಕೊಡುತ್ತಾರೆ, ನೂರೆಂಟು ಹಳೇ ಕಾಗದ ಬೇಕಾಗುತ್ತವೆ. ಊರಲ್ಲಿದ್ದಾಗಲೇ ಅವು ಸಿಗುವುದು ಕಷ್ಟ, ಊರು ಬಿಟ್ಟ ಮೇಲಂತೂ ಕೇಳಬೇಡಿ. ಗಡಿ ದಾಟಿದ ಮೇಲೆ ಅಲ್ಲಿನ ನೌಕರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಜಾತಿ ಸರ್ಟಿಫಿಕೇಟಿನ ಮೀಸಲಾತಿಯೂ ಅಲ್ಲಿನ ರಾಜ್ಯದ ನೌಕರಿಗೆ ನಡೆಯುವುದಿಲ್ಲ.

ಗಾಡಿಯದು ಇನ್ನೊಂದು ರಾಮಾಯಣ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ನಂಬರ್ ಬದಲಿಸಬೇಕು. ಅದಕ್ಕೆ ಬೀದರ್ ಆರ್‌ಟಿಒ ಇಂದ ಎನ್‌ಒಸಿ, ಅಲ್ಲಿ ಮತ್ತೆ ತೆರಿಗೆ, ಇಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದದ್ದಕ್ಕೆ ವಾಪಸ್ ಅರ್ಜಿ. ಕೆಎ-38 ತೆಗೆಯುವ ದಿನ ಯಜಮಾನರು ಹಳೇ ನಂಬರ್ ಪ್ಲೇಟ್ ಎಸೆಯದೆ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು.

ಆಧಾರ್ ವಿಳಾಸ ಬದಲಿಸುವ ಮುನ್ನವೂ ಯೋಚಿಸಿ. ಬದಲಿಸಿದ ದಿನದಿಂದ ಶಕ್ತಿ ಬಸ್ಸು ನನಗಿಲ್ಲ. ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯ ಬಸ್ಸು ಸಿಕ್ಕಿತು, ಆದರೆ ಅದು ಗಡಿಯ ತನಕ. ಅವ್ವ ಬೇಕಾದರೆ ಬೆಂಗಳೂರಿಗೆ ಫುಕಟ್ ಹೋಗಿ ಬರಬಹುದು. ನೂರು ಚಿಲ್ಲರೆ ಕಿಲೋಮೀಟರ್ ದೂರದ ಮಗಳ ಮನೆಗೆ ಬರಲು ಟಿಕೆಟ್ ತೆಗೆಯಬೇಕು. ಗೆರೆ ಅಂದರೆ ನನಗೆ ಗೊತ್ತಾಗುವುದು ಇಲ್ಲಿ.

ಮೊನ್ನೆ ಭಾನುವಾರ ಬೀದರ್ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಗಂಟು ಬಂತು. ಅವ್ವನ ಖಡಕ್ ರೊಟ್ಟಿ, ಹಿಂಡಿ, ತೊಗರಿ ಬೇಳೆ. ಅದರ ಅಡಿಯಲ್ಲಿ ಕಾಕಾ ಕಳಿಸಿದ ಮೂರನೇ ತರಗತಿಯ ಕನ್ನಡ ಪುಸ್ತಕ ಮತ್ತು ಎರಡು ಕಾಪಿ ಬುಕ್ಕು. ಮೊದಲ ಪುಟದ ಮೊದಲ ಸಾಲನ್ನು ಕೆಂಪು ಪೆನ್ನಿನಲ್ಲಿ ಅವರೇ ಬರೆದಿದ್ದರು: ದ, ರ, ತ, ಕ. ನಾನು ಫೋನ್ ಮಾಡಿ, "ಕಾಕಾ, ಅವತ್ತು ನಾನು ಹಂಗ ಅನ್ನಬಾರದಿತ್ರೀ" ಅಂದೆ. "ಅದೆಲ್ಲ ಇರಲಿ, ಹುಡುಗಿ ಬರದದ್ದು ಫೋಟೋ ತಗದು ಕಳಸು" ಅಂದರು. ಮಗಳು ನಾಲ್ಕು ಸಾಲು ಬರೆದು ಕೈ ನೋಯುತ್ತದೆ ಅಂತ ಎದ್ದಳು. ಮೂರು ಸಾಲು ಸರಿ ಇದ್ದವು. ನಾಲ್ಕನೆಯದರಲ್ಲಿ ಗೀಟು ಮತ್ತೆ ಮೇಲಕ್ಕೆ ಎದ್ದಿತ್ತು. ಅಳಿಸದೆ ಹಾಗೇ ಫೋಟೋ ತೆಗೆದು ಕಳಿಸಿದೆ.