ಅರ್ಧ ಸುತ್ತು ಬಾಕಿ ಇರಬೇಕು

ಮೆಟ್ಟಿಲ ಕೆಳಗಿದ್ದ ಹಳೇ ಜನರೇಟರ್ ಹೊರಗೆ ತೆಗೆದದ್ದು ನಮ್ಮ ಬೀದಿ ಗಣೇಶನಿಗಾಗಿ. ಪೆಂಡಾಲ್ ಹುಡುಗರು ಬಂದು, "ಅಂಕಲ್, ಕರೆಂಟ್ ಹೋದಾಗ ಎರಡು ಲೈಟ್ ಉರಿದ್ರೆ ಸಾಕು" ಅಂದರು. ಅಂಕಲ್ ಅಂದದ್ದು ಸ್ವಲ್ಪ ಚುಚ್ಚಿತು. ಆದರೂ ಒಪ್ಪಿಕೊಂಡೆ.

ಅದು ಬೆಂಗಳೂರಿನ ಶ್ರೀನಗರದಲ್ಲಿ ಅಪ್ಪ ನಡೆಸುತ್ತಿದ್ದ ಸ್ಟೇಷನರಿ ಅಂಗಡಿಯದ್ದು. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಸಂಜೆಯಾದರೆ ಸಾಲು ಅಂಗಡಿಗಳ ಮುಂದೆ, ಫುಟ್‌ಪಾತ್ ಮೇಲೆ, ಚೈನ್ ಹಾಕಿ ಬೀಗ ಜಡಿದ ಜನರೇಟರ್‌ಗಳು ಒಟ್ಟಿಗೆ ಡಗಡಗ ಶುರುವಾಗುತ್ತಿದ್ದವು. ಅಪ್ಪ ಒಂದು ಕಾಲನ್ನು ಅದರ ಫ್ರೇಮ್ ಮೇಲಿಟ್ಟು, ಹಗ್ಗವನ್ನು ಬಿಗಿ ಸಿಗುವ ತನಕ ಮೆಲ್ಲಗೆ ಎಳೆದು, ಆಮೇಲೆ ಸರ್ರನೆ ಒಂದೇ ಎಳೆತ. ಯುಪಿಎಸ್ ಬಂದ ಮೇಲೆ ಅದು ಮೂಲೆ ಸೇರಿತು.

ಹಳೇ ಪೆಟ್ರೋಲ್ ಚೆಲ್ಲಿ, ಪ್ಲಗ್ ಒರೆಸಿ, ನಾನೂ ಅಪ್ಪನ ಹಾಗೇ ಕಾಲಿಟ್ಟು ಎಳೆದೆ. ಹಗ್ಗ ಬಂತು, ವಾಪಸ್ ಹೋಗಲಿಲ್ಲ. ಬಿಸಿಲಲ್ಲಿ ಓಡಿ ಬಂದ ನಾಯಿಯ ನಾಲಗೆ ಹಾಗೆ ಹೊರಗೇ ಜೋತಾಡುತ್ತಿತ್ತು.

ಹತ್ತು ನಂಬರ್ ಸ್ಪ್ಯಾನರಿನಿಂದ ಬೋಲ್ಟ್ ಬಿಚ್ಚಿದರೆ ಸ್ಟಾರ್ಟರ್, ಅಂದರೆ ಹಗ್ಗ ಎಳೆಯುವ ಆ ಭಾಗ, ಇಡಿಯಾಗಿ ಕೈಗೆ ಬರುತ್ತದೆ. ಒಳಗಿರೋದು ತುಂಬಾ ಸರಳ. ಒಂದು ರಾಟೆ, ಅದಕ್ಕೆ ಬುಗುರಿಗೆ ಚಾಟಿ ಸುತ್ತಿದಂತೆ ಹಗ್ಗ. ಎಳೆದಾಗ ರಾಟೆಯ ಕೊಕ್ಕೆ ಹೊರಗೆ ಚಾಚಿ ಎಂಜಿನ್ನಿನ ಚಕ್ರ ಹಿಡಿದು ತಿರುಗಿಸುತ್ತದೆ. ರಾಟೆಯ ಅಡಿಯಲ್ಲಿ ಚಕ್ಕುಲಿ ಸುತ್ತಿನ ಉಕ್ಕಿನ ಪಟ್ಟಿ, ಕೀ ಕೊಡುವ ಗಡಿಯಾರದಲ್ಲಿ ಇರುತ್ತಲ್ಲ, ಅಂಥದ್ದು. ಅದರ ಹೊರತುದಿ ಕವಚಕ್ಕೆ, ಒಳತುದಿ ರಾಟೆಗೆ ಸಿಕ್ಕಿಸಿರುತ್ತಾರೆ. ಹಗ್ಗವನ್ನು ವಾಪಸ್ ಎಳೆದುಕೊಳ್ಳುವುದು ಆ ಪಟ್ಟಿಯೇ.

ರಾಟೆಯನ್ನು ಮೆಲ್ಲಗೆ, ಅಡಿಯ ಆ ಸ್ಪ್ರಿಂಗನ್ನು ಕೆಳಗೆ ಒತ್ತಿಕೊಂಡೇ ಎತ್ತಬೇಕು. ನಾನು ಡಬ್ಬಿ ಮುಚ್ಚಳ ತೆಗೆದ ಹಾಗೆ ತೆಗೆದೆ. ಸ್ಪ್ರಿಂಗ್ ಬುಸ್ ಅಂತ ಹಾರಿ ಮೊಣಕೈ ಗೀರಿ, ತುಳಸಿ ಕಟ್ಟೆ ಹತ್ತಿರ ಬಿತ್ತು. ಕನ್ನಡಕ ಇದ್ದದ್ದು ಪುಣ್ಯ. ದಪ್ಪ ಗ್ಲೌಸ್ ಕೂಡ ಹಾಕಿಕೊಳ್ಳಬೇಕಿತ್ತು. ಅದಕ್ಕಿಂತ ದೊಡ್ಡ ತಪ್ಪು, ಬಿಚ್ಚುವ ಮೊದಲು ಫೋಟೋ ತೆಗೆದಿರಲಿಲ್ಲ. ಸುತ್ತು ಎಡಕ್ಕಿತ್ತೋ ಬಲಕ್ಕಿತ್ತೋ ಗೊತ್ತಿಲ್ಲ.

ನೋಡಿದರೆ ಒಳತುದಿಯ ಕೊಕ್ಕೆ ಮುರಿದಿತ್ತು. ಬಗ್ಗಿಸಿದರಾಯ್ತು ಅಂತ ಕಟಿಂಗ್ ಪ್ಲೇಯರ್ ಹಾಕಿ ತಿರುಚಿದೆ. ಟಕ್. ಇನ್ನೊಂದು ತುಂಡು ಹೋಯ್ತು.

ಮಾರನೇ ದಿನ ಬಸ್ ಹತ್ತಿ ಮಾರ್ಕೆಟ್‌ಗೆ ಹೋದೆ. ಎಸ್‌.ಜೆ.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಅಲೆದರೂ ಆ ಅಳತೆಯದ್ದು ಸಿಗಲಿಲ್ಲ. ಕೊನೇ ಅಂಗಡಿಯ ಹಿರಿಯರು ಸ್ಪ್ರಿಂಗ್ ಬೆಳಕಿಗೆ ಹಿಡಿದು ನೋಡಿದರು. "ಬಿಸಾಕ್ಬೇಡಿ ಸಾರ್, ಪಟ್ಟಿ ಚೆನ್ನಾಗೇ ಇದೆ. ತುದಿ ಮಾತ್ರ ಕೆಂಪಗೆ ಕಾಯಿಸಿ ಬಗ್ಗಿಸಿ. ತಣ್ಣಗಿರೋವಾಗ ಬಗ್ಗಿಸಿದ್ರೆ ಮುರಿಯದೆ ಇನ್ನೇನಾಗತ್ತೆ?" ನಾನು ಹೊರಡುವಾಗ ಕೂಗಿ ಹೇಳಿದರು: "ಹಗ್ಗ ಪೂರ್ತಿ ಎಳೆದ ಮೇಲೂ ರಾಟೆ ಇನ್ನರ್ಧ ಸುತ್ತು ತಿರುಗ್ಬೇಕು, ಮರೀಬೇಡಿ!" ನನ್ನ ಹತ್ತಿರ ಅವರು ತಗೊಂಡದ್ದು ನಾಲ್ಕು ಎಂ.ಎಂ. ನೈಲಾನ್ ಹಗ್ಗದ ದುಡ್ಡು ಮಾತ್ರ.

ಅಮ್ಮ ಮಧ್ಯಾಹ್ನ ಮಲಗಿದಾಗ ಗ್ಯಾಸ್ ಒಲೆ ಹಚ್ಚಿದೆ. ಪಟ್ಟಿಯ ಉಳಿದ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿದೆ, ಬಿಸಿ ಅಲ್ಲಿಗೂ ಹೋದರೆ ಸ್ಪ್ರಿಂಗ್‌ನ ಬಿಗಿಯೇ ಹೋಗುತ್ತೆ. ಕೊನೇ ಅರ್ಧ ಇಂಚು ಕೆಂಪಾದಾಗ ಪ್ಲೇಯರ್‌ನಲ್ಲಿ ಹಿಡಿದರೆ ಬೆಲ್ಲದ ಪಾಕದ ಹಾಗೆ ಬಗ್ಗಿತು. ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ. "ಹಾಲು ಕಾಯ್ಸೋ ಒಲೆ ಮೇಲೆ ಏನೋ ಅದು?"

ಈಗ ಸುತ್ತುವ ಕೆಲಸ. ಯೂಟ್ಯೂಬಲ್ಲಿ ಕೆನಡಾದವರೊಬ್ಬರು ಸ್ನೋಮೊಬೈಲ್‌ನ ಸ್ಟಾರ್ಟರ್ ರಿಪೇರಿ ಮಾಡುತ್ತಿದ್ದರು. ಗುಲ್ಮಾರ್ಗ್‌ನಲ್ಲಿ ಟೂರಿಸ್ಟ್‌ಗಳನ್ನು ಹಿಮದ ಮೇಲೆ ಓಡಿಸುತ್ತಾರಲ್ಲ, ಆ ಗಾಡಿ. ಅವರ ಗ್ಯಾರೇಜಿನ ಹೊರಗೆ ಮೊಣಕಾಲುದ್ದ ಹಿಮ, ನಮ್ಮ ಪೋರ್ಟಿಕೋದಲ್ಲಿ ಜಡಿಮಳೆ. ಸ್ಪ್ರಿಂಗ್ ಮಾತ್ರ ಅದೇ ತರಹದ್ದು. ಹೊರತುದಿ ಕವಚದ ಸೀಳಿಗೆ ಸಿಕ್ಕಿಸಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಹೊರಗಿನಿಂದ ಒಳಕ್ಕೆ ಸುತ್ತು ಕೂರಿಸುತ್ತಾ ಬರಬೇಕು. ಹೆಬ್ಬೆರಳು ಒಂದು ಸಲ ಸಡಿಲವಾದರೆ ಮತ್ತೆ ಮೊದಲಿಂದ. ನನಗೆ ಮೂರು ಸಲ ಮೊದಲಿಂದ ಆಯ್ತು.

ನಾಲ್ಕನೇ ಸಲ ಕೂತಿತು. ಗ್ರೀಸ್ ತೆಳ್ಳಗೆ ಸವರಿ ರಾಟೆ ಇಟ್ಟೆ. ತಿರುಗಿಸಿದರೆ ಬಿಗಿಯೇ ಇಲ್ಲ, ಸ್ಪ್ರಿಂಗ್‌ನ ಕೊಕ್ಕೆ ಜಾರುತ್ತಿದೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಅವರ ಗಾಡಿಯ ಸುತ್ತೇ ಬೇರೆ ಕಡೆಗೆ, ನನ್ನದು ಅದರ ಉಲ್ಟಾ. ಹಗ್ಗ ಎಳೆದಾಗ ರಾಟೆ ಯಾವ ಕಡೆ ತಿರುಗುತ್ತೋ ಆ ಕಡೆಗೆ ಸ್ಪ್ರಿಂಗ್ ಬಿಗಿಯಾಗಬೇಕು, ಅಷ್ಟೇ ಲೆಕ್ಕ. ಕಾಪಿ ಹೊಡೆಯುವಾಗಲೂ ಬುದ್ಧಿ ಬೇಕು ಅಲ್ವಾ! ಇನ್ನೊಮ್ಮೆ ಬಿಚ್ಚಿ ಸುತ್ತಿದೆ.

ಹೊಸ ಹಗ್ಗವನ್ನು ಹಳೆಯದರ ಉದ್ದಕ್ಕೇ ಕತ್ತರಿಸಿ, ತುದಿಯನ್ನು ಬೆಂಕಿಕಡ್ಡಿಯಲ್ಲಿ ಕರಗಿಸಿ, ಗಂಟು ಹಾಕಿ ರಾಟೆಗೆ ಸುತ್ತಿದೆ. ಇನ್ನೊಂದು ತುದಿಗೆ ಹಿಡಿ. ರಾಟೆಯ ಅಂಚಲ್ಲಿರುವ ಕಚ್ಚಿಗೆ ಹಗ್ಗ ಸಿಕ್ಕಿಸಿ, ಎಳೆಯುವ ದಿಕ್ಕಿಗೇ ರಾಟೆ ತಿರುಗಿಸಿ, ಮೊದಲೇ ಒಂದಿಷ್ಟು ಬಿಗಿ ಕೊಡಬೇಕು. ಇಲ್ಲದಿದ್ದರೆ ಹಿಡಿ ಕೊನೆಗೆ ಸಡಿಲವಾಗಿ ನೇತಾಡುತ್ತದೆ. ಜಾಸ್ತಿ ಇದ್ದರೆ ಒಳ್ಳೇದೇ ಅಂತ ಐದು ಸುತ್ತು ಕೊಟ್ಟೆ. ಎಳೆದರೆ ಹಗ್ಗ ಇನ್ನೂ ಗೇಣುದ್ದ ಒಳಗಿರುವಾಗಲೇ ಗೋಡೆಗೆ ಗುದ್ದಿದಂತೆ ನಿಂತಿತು. ಸ್ಪ್ರಿಂಗ್ ಆಗಲೇ ಪೂರ್ತಿ ಬಿಗಿದುಕೊಂಡಿತ್ತು. ಅಲ್ಲಿ ಜೋರಾಗಿ ಜಗ್ಗಿದ್ದರೆ ನನ್ನ ಒಲೆ ಮೇಲಿನ ಕೊಕ್ಕೆ ಮತ್ತೆ ಟಕ್. ಅಂಗಡಿಯವರ ಅರ್ಧ ಸುತ್ತು ಆಗ ನೆನಪಾಯಿತು. ಎರಡು ಸುತ್ತು ಬಿಚ್ಚಿ, ಮೂರಕ್ಕೆ ನಿಲ್ಲಿಸಿದೆ. ಹಗ್ಗ ಪೂರ್ತಿ ಎಳೆದು ರಾಟೆ ಒತ್ತಿ ನೋಡಿದೆ. ಇನ್ನೂ ಅರ್ಧ ಸುತ್ತು ತಿರುಗಿತು. ಕೈ ಬಿಟ್ಟರೆ ಹಿಡಿ ತಾನಾಗಿ ಹೋಗಿ ಟಪ್ ಅಂತ ಕೂತಿತು.

ಸಂಜೆ ಗೇಟಿನ ಹೊರಗೆ ಇಟ್ಟೆ, ಆ ಹೊಗೆ ಮನೆಯೊಳಗೆ ಬರಬಾರದು. ಫ್ರೇಮ್ ಮೇಲೆ ಕಾಲಿಟ್ಟೆ. ಮೂರನೇ ಎಳೆತಕ್ಕೆ ಡಗಡಗ. ಅಮ್ಮ ಹೊರಗೆ ಬಂದು ಒಂದು ನಿಮಿಷ ಸುಮ್ನೆ ನಿಂತು ಕೇಳಿಸಿಕೊಂಡರು.

"ಕರೆಂಟ್ ಇದೆಯಲ್ಲೋ, ಆರ್ಸು," ಅಂದು ಒಳಗೆ ಹೋದರು.